ಮರಣಾಶಂಸೆ: ಸಲ್ಲೇಖನಾವ್ರತದ ಎರಡನೆಯ ಅತಿಚಾರ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಸಲ್ಲೇಖನೆಯ ಐದು ಅತಿಚಾರಗಳನ್ನು ಹೇಳಿದ್ದಾರೆ: ಜೀವಿತಾಶಂಸೆ, ಮರಣಾಶಂಸೆ, ಮಿತ್ರಾನುರಾಗ, ಸುಖಾನುಬಂಧ, ನಿದಾನ. ಇನ್ನಷ್ಟು ಬದುಕಬೇಕೆಂಬ ಆಸೆ ದೋಷವೆಂಬುದು ಯಾರಿಗಾದರೂ ತಿಳಿಯುತ್ತದೆ. ಅದರ ಬೆನ್ನಿಗೇ, ಬೇಗ ಸಾಯಬೇಕೆಂಬ ಆಸೆಯನ್ನೂ ದೋಷವೆಂದು ಎಣಿಸಿರುವುದನ್ನು ಅನೇಕರು ಲಕ್ಷಿಸದೆ ಮುಂದೆ ಸಾಗುತ್ತಾರೆ. ವ್ರತದ ಮರ್ಮವಿರುವುದು ಇಲ್ಲಿಯೇ.

ಮನೆಯ ಹಿರಿಯರೊಬ್ಬರು ದೀರ್ಘರೋಗದಿಂದ ಬೇಸತ್ತು, "ಸಾಕಾಯಿತು, ಬೇಗ ಹೋಗಿಬಿಟ್ಟರೆ ಸಾಕು" ಎನ್ನುತ್ತ ತಟ್ಟೆಯನ್ನು ಸರಿಸಿದರೆ, ಮನೆಯವರು ಅದನ್ನು ವ್ರತವೆಂದು ಭಾವಿಸಿ ಕೈಮುಗಿಯಬಾರದು. ಅದು ನೋವಿನ ಮಾತು. ಅದಕ್ಕೆ ಬೇಕಾದುದು ಔಷಧ, ಉಪಚಾರ, ಬಳಿಯಲ್ಲಿ ಕುಳಿತುಕೊಳ್ಳುವ ಜನ. ಸಮಂತಭದ್ರಾಚಾರ್ಯರು ಸಲ್ಲೇಖನೆಗೆ ಹೇಳಿದ ಸಂದರ್ಭಗಳು ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ, ಅವೂ ಪ್ರತೀಕಾರವಿಲ್ಲದವಾಗಿರಬೇಕು.

ಬೆಳಗಾವಿ ಸೀಮೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನೆ ಕೈಗೊಂಡುದು ಬದುಕು ಬೇಸರವಾಗಿ ಅಲ್ಲ. ಕಣ್ಣು ಮಂದವಾದ ಮೇಲೆ ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿ ನಡೆಯದು; ಜೀವಹಿಂಸೆ ತಪ್ಪದು. ಸುಮಾರು ಐದು ವಾರಗಳ ಬಳಿಕ ಸೆಪ್ಟೆಂಬರ್ 18ರಂದು ಅವರು ದೇಹ ಬಿಟ್ಟರು. ಈ ಭೇದವನ್ನು ಹೊರಗಿನವರು ಕಾಣುವುದು ಸುಲಭವಲ್ಲ. ರಾಜಸ್ಥಾನದ ಉಚ್ಚನ್ಯಾಯಾಲಯ 2015ರ ಆಗಸ್ಟ್ 10ರಂದು ಸಲ್ಲೇಖನೆಯನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು.

ಇನ್ನೊಂದು ಪ್ರಶ್ನೆ ಈಗ ಜೈನ ಮನೆಗಳೊಳಗೇ ಏಳುತ್ತಿದೆ. ಓದಿದ ಮಗ, "ಆತ್ಮವನ್ನೂ ಪರಭವವನ್ನೂ ನಂಬದವನಿಗೆ ಶಾಂತಮರಣವಿಲ್ಲವೆ?" ಎಂದು ಕೇಳುತ್ತಾನೆ. ಇಲ್ಲವೆಂದರೆ ಸುಳ್ಳಾದೀತು. ಸ್ಕಾಟ್ಲೆಂಡಿನ ತತ್ತ್ವಜ್ಞ ಡೇವಿಡ್ ಹ್ಯೂಮ್ ಮರಣಾನಂತರದ ಬದುಕನ್ನು ನಂಬಿದವನಲ್ಲ. 1776ರ ಜುಲೈ 7ರಂದು ಬಾಸ್ವೆಲ್ ಅವನನ್ನು ನೋಡಹೋದಾಗ ಸಾವು ಸಮೀಪಿಸಿತ್ತು; ಆದರೂ ಹ್ಯೂಮ್ ಪ್ರಸನ್ನನಾಗಿಯೇ ಮಾತನಾಡಿದ. ಕಳವಳಗೊಂಡವನು ಆಸ್ತಿಕನಾದ ಬಾಸ್ವೆಲ್! ಸಮ್ಯಗ್ದರ್ಶನವಿಲ್ಲದ್ದರಿಂದ ಶಾಸ್ತ್ರ ಅದನ್ನು ಸಮಾಧಿಮರಣವೆನ್ನದು. ಆದರೆ ಭಯವಿಲ್ಲದಿರುವುದನ್ನು ಹಗುರಾಗಿ ಕಾಣಲೂ ಕಾರಣವಿಲ್ಲ.

ಅಂತಹ ಮಗನನ್ನು ತಾಯಿಯ ಕೊನೆಯ ಹಾಸಿಗೆಯಿಂದ ದೂರವಿಡಬೇಕಾದುದಿಲ್ಲ. ಭಗವತೀ ಆರಾಧನೆ ಕ್ಷಪಕನ ಸೇವೆಗೆ 48 ಮಂದಿ ನಿರ್ಯಾಪಕ ಮುನಿಗಳನ್ನು ಹೇಳುತ್ತದೆ. ಅಷ್ಟು ಜನ ದೊರೆಯದಿದ್ದರೆ ಕಡೆಗೆ ಇಬ್ಬರಾದರೂ ಇರಬೇಕು. ಅವರಲ್ಲಿ ಧರ್ಮಕಥೆ ಹೇಳುವವರಿರುವಂತೆ, ದೇಹವನ್ನು ಹೊರಳಿಸುವವರೂ ಬಾಗಿಲು ಕಾಯುವವರೂ ಉಂಟು. ಮನೆಯಲ್ಲಿ ಈ ಕೊನೆಯ ಎರಡು ಕೆಲಸಗಳು ಮಗನಿಗೆ ಸಲ್ಲಬಹುದು. ಒಂದೇ ನಿಬಂಧನೆ: ತಾಯಿಯ ಎದುರಿಗೆ ಅವನು ಅಳಬಾರದು, ಮಿತ್ರಾನುರಾಗ ಆಕೆಯನ್ನು ಹಿಡಿಯುವುದು ಅಲ್ಲಿಂದಲೇ.