ಕಚೇರಿಯ ಯಂತ್ರಗಳ ಆರೋಗ್ಯರಕ್ಷಣೆ

ದಾದರ್, ಮಾಟುಂಗಾಗಳ ಅಗಲವಾದ ರಸ್ತೆಗಳನ್ನೂ ಕಟ್ಟಡಗಳ ನಡುವೆ ಬಿಟ್ಟ ತೆರಪನ್ನೂ ಮುಂಬಯಿ ಕನ್ನಡಿಗರು ದಿನವೂ ಕಾಣುತ್ತಾರೆ. ಈ ತೆರಪು ಕೇವಲ ಅಂದಕ್ಕಾಗಿ ಹುಟ್ಟಿದುದಲ್ಲ. ೧೮೯೬ರಲ್ಲಿ ಬಂದರಿಗೆ ಸಮೀಪದ ಮಾಂಡ್ವಿಯಲ್ಲಿ ಕಾಣಿಸಿಕೊಂಡ ಪ್ಲೇಗು, ಗಾಳಿಬೆಳಕಿಲ್ಲದ ಇಕ್ಕಟ್ಟಾದ ವಸತಿಗಳ ಮೂಲಕ ನಗರವನ್ನೆಲ್ಲ ವ್ಯಾಪಿಸಿತು. ಆ ಪೆಟ್ಟಿನ ಪರಿಣಾಮವಾಗಿ ೧೮೯೮ರಲ್ಲಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪಿತವಾಯಿತು. ದಾದರ್-ಮಾಟುಂಗಾ ಬಡಾವಣೆ ಅದರ ಯೋಜನೆಗಳಲ್ಲೊಂದು. ರೋಗಿಗೆ ಔಷಧ ಕೊಡುವುದು ವೈದ್ಯನ ಕೆಲಸವಾದರೆ, ರೋಗವು ಮನೆಯಿಂದ ಮನೆಗೆ ಹರಡದಂತೆ ನೋಡಿಕೊಳ್ಳುವುದು ಆಡಳಿತದ ಕೆಲಸ. ಇಂದಿನ ಕಚೇರಿ, ಕಾರ್ಖಾನೆ, ಆಸ್ಪತ್ರೆಗಳಲ್ಲಿ ಈ ಎರಡನೆಯ ಬಗೆಯ ಕೆಲಸ ಐ.ಟಿ. ವಿಭಾಗದ ಪಾಲಿಗೆ ಬಂದಿದೆ. ಅದರ ಸ್ವರೂಪವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹಿಂದೆ ಮೇಜಿನ ಮೇಲಿನ ಕಂಪ್ಯೂಟರುಗಳನ್ನು ನೋಡಿಕೊಂಡರೆ ಆ ವಿಭಾಗದ ಹೊಣೆ ಬಹುಮಟ್ಟಿಗೆ ಮುಗಿಯುತ್ತಿತ್ತು. ಈಗ ಬೆರಳಗುರುತಿನಿಂದ ಹಾಜರಿ ಪಡೆಯುವ ಯಂತ್ರ, ಸಿಸಿಟಿವಿ ಕ್ಯಾಮೆರಾ, ಪ್ರಿಂಟರ್, ಹವಾನಿಯಂತ್ರಣ ವ್ಯವಸ್ಥೆ, ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕದ ಮಾನಿಟರ್, ಸ್ಕ್ಯಾನಿಂಗ್ ಯಂತ್ರ ಇವೆಲ್ಲವೂ ಜಾಲಕ್ಕೆ ಜೋಡಣೆಯಾಗಿವೆ. ಹೊರನೋಟಕ್ಕೆ ಬೇರೆ ಬೇರೆಯಾದರೂ ಒಳಗೆ ಇವೆಲ್ಲ ಪುಟ್ಟ ಕಂಪ್ಯೂಟರುಗಳೇ. ಕಂಪ್ಯೂಟರಿಗೆ ತಗಲುವ ಸೋಂಕು ಇವಕ್ಕೂ ತಗಲಬಲ್ಲುದು. ಇವುಗಳಿಂದ ಇತರ ಯಂತ್ರಗಳಿಗೆ ಹರಡಬಲ್ಲುದು.

ಇದು ಬರಿಯ ಊಹೆಯಲ್ಲ. ೨೦೧೬ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶವು ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತು. ಅದಕ್ಕೆ ದೊಡ್ಡ ಚಾತುರ್ಯವೇನೂ ಬೇಕಾಗಲಿಲ್ಲ. ಕಾರ್ಖಾನೆಯಲ್ಲಿ ಇಟ್ಟು ಕಳುಹಿಸಿದ ಪಾಸ್‌ವರ್ಡನ್ನು ಕೊಂಡವರು ಬದಲಿಸಿರಲಿಲ್ಲ. ಅಂತಹ ಅರವತ್ತಕ್ಕೂ ಹೆಚ್ಚು ಸಿದ್ಧ ಪಾಸ್‌ವರ್ಡುಗಳ ಪಟ್ಟಿಯೊಂದೇ ಅದಕ್ಕೆ ಕೀಲಿಕೈಯಾಯಿತು.

ಮರುವರ್ಷ ಮೇ ತಿಂಗಳಲ್ಲಿ 'ವನ್ನಾಕ್ರೈ' ಎಂಬ ಪಿಡುಗು ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳನ್ನು ಹೊಕ್ಕಿತು. ಕಂಪ್ಯೂಟರುಗಳೊಂದಿಗೆ ಕೆಲವು ರೋಗಪರೀಕ್ಷಾ ಯಂತ್ರಗಳೂ ಕೆಲಸ ನಿಲ್ಲಿಸಿದವು. ಸುಮಾರು ೧೯ ಸಾವಿರ ರೋಗಿಗಳ ಭೇಟಿ ಮತ್ತು ಚಿಕಿತ್ಸೆಗಳು ರದ್ದಾಗಿರಬಹುದೆಂಬ ಅಂದಾಜನ್ನು ಅಲ್ಲಿಯ ಲೆಕ್ಕಪರಿಶೋಧನಾ ಕಚೇರಿಯ ವರದಿ ತಿಳಿಸಿತು. ಆ ಸೋಂಕನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ಹೊರತಂದಿತ್ತು. ಲಸಿಕೆ ಸಿದ್ಧವಿತ್ತು, ಹಾಕಿಸಿಕೊಂಡಿರಲಿಲ್ಲ.

ಅದೇ ೨೦೧೭ರ ಜೂನ್ ೨೭ರಂದು ಪಿಡುಗು ನಮ್ಮ ಕಡಲಂಚನ್ನೇ ಮುಟ್ಟಿತು. 'ನಾಟ್‌ಪೆಟ್ಯಾ' ಎಂಬ ತಂತ್ರಾಂಶವು ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಮೂಲಕ ಮಾಯೆರ್ಸ್ಕ್ ಹಡಗು ಸಂಸ್ಥೆಯ ಜಾಲವನ್ನು ಹೊಕ್ಕಿತು. ಆ ಸಮೂಹವು ನಡೆಸುತ್ತಿದ್ದ ನ್ಹಾವಾ ಶೇವಾದ ಟರ್ಮಿನಲಿನಲ್ಲಿಯೂ ಕೆಲಸ ಅಸ್ತವ್ಯಸ್ತವಾಗಿ, ಕಂಟೇನರುಗಳ ಲೆಕ್ಕವನ್ನು ಕೈಯಿಂದಲೇ ಬರೆದಿಡಬೇಕಾಯಿತು. ಸಂಸ್ಥೆಯು ಹತ್ತು ದಿನಗಳಲ್ಲಿ ೪೫ ಸಾವಿರ ಕಂಪ್ಯೂಟರುಗಳನ್ನೂ ೪ ಸಾವಿರ ಸರ್ವರುಗಳನ್ನೂ ಹೊಸದಾಗಿ ಸಜ್ಜುಗೊಳಿಸಿತು. ಘಾನಾ ದೇಶದ ಕಚೇರಿಯಲ್ಲಿ ವಿದ್ಯುತ್ತು ಹೋಗಿ ಆರಿದ್ದ ಒಂದು ಸರ್ವರು ಮಾತ್ರ ಸೋಂಕಿನಿಂದ ಪಾರಾಗಿ ಉಳಿದುದು ಈ ಪುನರ್ನಿರ್ಮಾಣಕ್ಕೆ ಆಧಾರವಾಯಿತು. ಅದೃಷ್ಟವು ಅಂದು ಮಾಡಿದ ಕೆಲಸವನ್ನು ಮುನ್ನೆಚ್ಚರಿಕೆಯಿಂದ ಮಾಡುವುದು ಐ.ಟಿ. ವಿಭಾಗದ ಧರ್ಮ.

ಈ ವಿಭಾಗದ ಕರ್ತವ್ಯಗಳನ್ನು ಐದಾಗಿ ವಿಂಗಡಿಸಬಹುದು.

ಮೊದಲನೆಯದು ಗಣತಿ. ಯಾವ ಯಂತ್ರ ಎಲ್ಲಿದೆ, ಯಾರು ಕೊಂಡರು, ಅದರೊಳಗಿನ ತಂತ್ರಾಂಶ ಯಾವುದು, ತಯಾರಕನ ಬೆಂಬಲ ಎಂದಿನವರೆಗೆ ಎಂಬುದು ದಾಖಲೆಯಲ್ಲಿರಬೇಕು. ಲೆಕ್ಕಕ್ಕೆ ಸಿಗದ ಯಂತ್ರವನ್ನು ರಕ್ಷಿಸುವುದು ಅಸಾಧ್ಯ.

ಎರಡನೆಯದು ಕೀಲಿ ಬದಲಾವಣೆ. ಹೊಸ ಯಂತ್ರವನ್ನು ಜಾಲಕ್ಕೆ ಸೇರಿಸುವ ಮುನ್ನವೇ ಅದರ ಸಿದ್ಧ ಪಾಸ್‌ವರ್ಡನ್ನು ಬದಲಿಸಬೇಕು.

ಮೂರನೆಯದು ಪ್ರತ್ಯೇಕತೆ. ಕ್ಯಾಮೆರಾಗಳಿಗೆ ಒಂದು ಜಾಲ, ಅತಿಥಿಗಳ ವೈ-ಫೈಗೆ ಇನ್ನೊಂದು, ಹಣಕಾಸಿನ ಲೆಕ್ಕಕ್ಕೆ ಮತ್ತೊಂದು. ಸಾಂಕ್ರಾಮಿಕ ರೋಗಿಗಳಿಗೆ ಚಿಂಚ್‌ಪೋಕ್ಲಿಯ ಕಸ್ತೂರ್ಬಾ ಆಸ್ಪತ್ರೆ ಬೇರೆಯಾಗಿಯೇ ಇರುವುದನ್ನು ಸ್ಮರಿಸಿದರೆ ಇದರ ಮರ್ಮ ತಿಳಿಯುತ್ತದೆ. ೨೦೨೨ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳು ದಾಳಿಗೆ ಸಿಕ್ಕಿ, ನೋಂದಣಿಯೇ ಮೊದಲಾದ ಕೆಲಸಗಳನ್ನು ಕಾಗದದ ಮೇಲೆ ನಡೆಸಬೇಕಾಯಿತು. ಜಾಲವನ್ನು ಸರಿಯಾಗಿ ವಿಭಜಿಸದಿದ್ದುದೇ ಇದಕ್ಕೆ ಕಾರಣವೆಂದು ಸರ್ಕಾರವು ಸಂಸತ್ತಿಗೆ ತಿಳಿಸಿತು.

ನಾಲ್ಕನೆಯದು ಅಪ್‌ಡೇಟ್ ಮತ್ತು ನಿವೃತ್ತಿ. ತಯಾರಕರು ಕಳುಹಿಸುವ ತಿದ್ದುಪಡಿಗಳನ್ನು ಕಾಲಕ್ಕೆ ಸರಿಯಾಗಿ ಅಳವಡಿಸಬೇಕು. ಬೆಂಬಲ ನಿಂತ ಯಂತ್ರವನ್ನು ಬದಲಿಸಬೇಕು. ವೈದ್ಯಕೀಯ ಯಂತ್ರಗಳ ವಿಷಯದಲ್ಲಿ ಮಾತ್ರ ಆತುರ ಸಲ್ಲದು. ರೋಗಿಯ ಮೈಗೆ ಜೋಡಿಸಿದ ಯಂತ್ರವನ್ನು ನಡುವೆ ನಿಲ್ಲಿಸಲಾಗದು. ತಯಾರಕನ ಒಪ್ಪಿಗೆಯಿಲ್ಲದೆ ಅದರ ತಂತ್ರಾಂಶವನ್ನು ಮುಟ್ಟಲಾಗದು. ಇಲ್ಲಿ ಐ.ಟಿ. ವಿಭಾಗವು ವೈದ್ಯರೊಡನೆಯೂ ಯಂತ್ರ ನಿರ್ವಹಿಸುವ ಎಂಜಿನಿಯರರೊಡನೆಯೂ ಕುಳಿತು ವೇಳೆಯನ್ನು ನಿಶ್ಚಯಿಸಬೇಕು. ಅಲ್ಲಿಯವರೆಗೆ ಪ್ರತ್ಯೇಕತೆಯೇ ರಕ್ಷೆ.

ಐದನೆಯದು ನಿಗಾ ಮತ್ತು ವರದಿ. ಭಾರತದ ಸರ್ಟ್-ಇನ್ ಸಂಸ್ಥೆಯು ೨೦೨೨ರ ಏಪ್ರಿಲ್ ೨೮ರಂದು ಹೊರಡಿಸಿದ ನಿರ್ದೇಶನದಂತೆ, ಇಂತಹ ಘಟನೆಯು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿಯಾಗಬೇಕು. ೧೮೦ ದಿನಗಳ ದಾಖಲೆಗಳು ಸುರಕ್ಷಿತವಾಗಿರಬೇಕು. ಜಾಲಕ್ಕೆ ಜೋಡಿಸಿದ ಸಾಧನಗಳ ಮೇಲಿನ ದಾಳಿಯನ್ನೂ ಆ ನಿರ್ದೇಶನ ಸ್ಪಷ್ಟವಾಗಿ ಹೆಸರಿಸಿದೆ.

ಇಷ್ಟಾದರೂ ಐ.ಟಿ. ವಿಭಾಗವೊಂದೇ ಈ ಕೆಲಸವನ್ನು ಪೂರೈಸಲಾರದು. ಅನೇಕ ಕಡೆ ಆಡಳಿತ ವಿಭಾಗವು ಕಡಿಮೆ ಬೆಲೆಗೆ ಸಿಕ್ಕಿತೆಂದು ಲ್ಯಾಮಿಂಗ್ಟನ್ ರಸ್ತೆಯಿಂದ ಕ್ಯಾಮೆರಾಗಳನ್ನು ತಂದು ತೂಗುಹಾಕುತ್ತದೆ, ಐ.ಟಿ. ವಿಭಾಗಕ್ಕೆ ಸುದ್ದಿ ಮುಟ್ಟುವುದು ಅನಾಹುತವಾದ ಮೇಲೆ. ಆ ವಿಭಾಗವನ್ನು ಕೇಳಿದರೆ ವಿಳಂಬವಾಗುತ್ತದೆಂಬ ದೂರಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದುದರಿಂದ ಬೇಡವೆನ್ನುವುದನ್ನೇ ರೂಢಿ ಮಾಡಿಕೊಳ್ಳದೆ, ಯಾವುದನ್ನು ಕೊಳ್ಳಬಹುದೆಂಬ ಪಟ್ಟಿಯನ್ನು ಮೊದಲೇ ಕೊಡುವುದು ಆ ವಿಭಾಗಕ್ಕೂ ಶ್ರೇಯಸ್ಕರ.

ನೌಕರರಾದ ವಾಚಕರಿಗೆ ಒಂದು ಮಾತು. ಸ್ವಂತ ಫೋನಿನಲ್ಲಿ ಕಚೇರಿಯ ಇ-ಮೇಲ್ ಇರಿಸಿಕೊಂಡರೆ ಆ ಫೋನೂ ಗಣತಿಗೆ ಸೇರುತ್ತದೆ. ಅದು ಕಳೆದುಹೋದರೆ ಕೂಡಲೇ ತಿಳಿಸುವುದು ನಿಮ್ಮ ಕರ್ತವ್ಯ. ಆ ಫೋನಿನಲ್ಲಿ ಕಚೇರಿಯವರು ಏನೇನನ್ನು ನೋಡಬಲ್ಲರು, ಅಳಿಸುವ ಪ್ರಸಂಗ ಬಂದರೆ ಕಚೇರಿಯ ಭಾಗ ಮಾತ್ರ ಅಳಿಯುವುದೇ ಅಥವಾ ಮನೆಯ ಚಿತ್ರಗಳೂ ಅಳಿಯುವವೇ ಎಂದು ಮೊದಲೇ ಕೇಳಿಕೊಳ್ಳುವುದು ನಿಮ್ಮ ಹಕ್ಕು.

ಹೋಟೆಲು, ಅಂಗಡಿ, ಸಣ್ಣ ದವಾಖಾನೆಗಳನ್ನು ನಡೆಸುವ ನಮ್ಮ ಬಂಧುಗಳಿಗೆ ಇಂತಹ ವಿಭಾಗವಿಲ್ಲ. ಅಲ್ಲಿ ಯಜಮಾನನೇ ಆ ವಿಭಾಗ. ಆತನು ಒಂದು ಸಂಜೆ ಗಲ್ಲಾಪೆಟ್ಟಿಗೆಯ ಬಳಿ ಕುಳಿತು ಬಿಲ್ಲಿಂಗ್ ಯಂತ್ರ, ಕ್ಯಾಮೆರಾ, ರೂಟರ್ ಎಂದು ಪಟ್ಟಿ ಬರೆಯಲಿ. ಪಾಸ್‌ವರ್ಡುಗಳನ್ನು ಬದಲಿಸಲಿ. ಗಿರಾಕಿಗಳ ವೈ-ಫೈಯನ್ನು ಬಿಲ್ಲಿಂಗಿನಿಂದ ಬೇರ್ಪಡಿಸಲಿ. ಲೆಕ್ಕದ ಒಂದು ಪ್ರತಿಯನ್ನು ಜಾಲಕ್ಕೆ ಸೇರದ ಡಿಸ್ಕಿನಲ್ಲಿ ತೆಗೆದಿಡಲಿ.

ಪ್ಲೇಗಿನ ಕಾಲದ ಮುಂಬಯಿ ತೆರಪಿನ ಬೆಲೆಯನ್ನು ಸಾವಿರಾರು ಪ್ರಾಣಗಳನ್ನು ತೆತ್ತು ಕಲಿಯಿತು. ನಾವು ಅದನ್ನು ಒಂದು ಪಟ್ಟಿ ಬರೆಯುವ ಶ್ರಮದಿಂದಲೇ ಕಲಿಯಬಹುದಾಗಿದೆ.