ಮೊದಲು ನೀರಿನ ಅಧ್ಯಾಯ

ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಗೆ ಯೋಜನಾ ವರದಿ ತಯಾರಿಸುವ ಸಲಹಾ ಸಂಸ್ಥೆಯೊಂದರಲ್ಲಿ ಬಹಳ ವರ್ಷ ದುಡಿದವನು ನಾನು. ಊರು ಹರಿಹರ, ಓದಿದ್ದು ದಾವಣಗೆರೆಯ ಬಿಡಿಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಕಚೇರಿಯಲ್ಲಿ ಬಯಲುಸೀಮೆಯ ಕನ್ನಡ ಸಲೀಸಾಗಿ ಆಡಬಲ್ಲವರು ಬೇರೆ ಯಾರೂ ಇರಲಿಲ್ಲ. ಹೀಗಾಗಿ ನೀರು, ಕಲ್ಲಿದ್ದಲು, ಬೂದಿಯ ಲೆಕ್ಕ ಹಾಕುವುದರ ಜೊತೆಗೆ ಆ ಲೆಕ್ಕವನ್ನು ಹಳ್ಳಿಗೆ ಹೋಗಿ ಹೇಳುವ ಕೆಲಸವೂ ನನ್ನ ಪಾಲಿಗೆ ಬಂತು. ಯೋಜನೆ ಬೇಡ ಎಂದು ಜನ ಕೂಗುವಾಗ ವೇದಿಕೆಯ ಮೇಲೆ ಕೂತಿದ್ದವರ ಕಡೆಯ ಅನುಭವ ಇದು.

ಕಲ್ಲಿದ್ದಲು ಸ್ಥಾವರ ಎಂದ ಕೂಡಲೇ ಮೂಗು ಮುರಿಯುವವರ ಜೊತೆ ನನ್ನ ಜಗಳ ಇವತ್ತಿಗೂ ಇದೆ. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಮೊದಲ ಘಟಕ ಶುರುವಾಗುವ ತನಕ ಕರ್ನಾಟಕ ಜಲವಿದ್ಯುತ್ತನ್ನೇ ನೆಚ್ಚಿಕೊಂಡಿತ್ತು. ಮಲೆನಾಡಿನಲ್ಲಿ ಮಳೆ ಕೈಕೊಟ್ಟ ವರ್ಷ ಕರೆಂಟು ಕಡಿತ. ದಾವಣಗೆರೆಯ ಬಟ್ಟೆ ಗಿರಣಿಗಳಿಗೂ ಹರಿಹರದ ಲೇಥ್ ಕಾರ್ಖಾನೆಗೂ ಅದರ ಬಿಸಿ ಚೆನ್ನಾಗಿ ಗೊತ್ತಿತ್ತು. ಶಕ್ತಿನಗರ ಬಂದ ಮೇಲೆ ರಾಜ್ಯ ಉಸಿರಾಡಿತು. ಅದನ್ನು ಮರೆತು ಮಾತಾಡುವುದು ನ್ಯಾಯವಲ್ಲ.

ಆದರೆ ವಿರೋಧ ಹೇಗಿರುತ್ತದೆ ಎಂಬುದನ್ನು ನಾನು ಯಾವ ತರಬೇತಿಯಲ್ಲೂ ಕಲಿಯಬೇಕಾಗಿರಲಿಲ್ಲ. ನಮ್ಮೂರ ಎದುರಿಗೆ, ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ನಾರು ಮಾಡುವ ಕಾರ್ಖಾನೆಯ ಬಗ್ಗೆ ಎಂಬತ್ತರ ದಶಕದಲ್ಲಿ ಎದ್ದ ಹೋರಾಟ ನಾಡಿಗೆಲ್ಲ ಗೊತ್ತು. ಹೊಳೆಯಲ್ಲಿ ಮೀನು ಸತ್ತು ತೇಲಿದವು, ಕೆಳಗಿನ ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಗಳು ದೂರು ಒಯ್ದವು, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅದನ್ನು ಕೈಗೆತ್ತಿಕೊಂಡಿತು. ಅದೇ ಕಾರ್ಖಾನೆಗೆ ನೀಲಗಿರಿ ಬೆಳೆದು ಕೊಡಲು ಸರ್ಕಾರವೂ ಪಾಲುದಾರನಾಗಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಹುಟ್ಟಿದಾಗ ಶಿವರಾಮ ಕಾರಂತರು ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಕಿತ್ತು ಅದೇ ಜಾಗದಲ್ಲಿ ಊರಿಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಆ ಕಂಪನಿ ಮುಚ್ಚಿತು.

ಹರಿಹರದ ಓಣಿಗಳಲ್ಲಿ ಆಗ ಎರಡೂ ಮಾತು ಕೇಳುತ್ತಿದ್ದವು. ಒಂದು ಮನೆಯ ಒಲೆ ಕಾರ್ಖಾನೆ ಸಂಬಳದಿಂದ ಉರಿಯುತ್ತಿತ್ತು, ಪಕ್ಕದ ಮನೆಯವರ ನಂಟರು ಹೊಳೆದಂಡೆಯಲ್ಲಿ ಬಲೆ ಬೀಸುತ್ತಿದ್ದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಹೋರಾಟಗಾರರೆಂದರೆ ಹೊರಗಿನಿಂದ ಬಂದವರು, ದುಡ್ಡು ತಗೊಂಡವರು ಎಂದು ನನ್ನ ಸಹೋದ್ಯೋಗಿಗಳು ಹೇಳುವಾಗ ನನಗೆ ನಗು ಬರುತ್ತಿದ್ದದ್ದು ಅದಕ್ಕೇ.

ನನಗೆ ಹೆಚ್ಚು ಕಲಿಸಿದ್ದು ಉತ್ತರ ಕರ್ನಾಟಕದ ಒಂದು ಯೋಜನೆ. ಹೆಸರು ಬೇಡ, ಅಲ್ಲಿ ಚಿಮಣಿ ಏಳಲೇ ಇಲ್ಲ. ಸಾರ್ವಜನಿಕ ಆಲಿಕೆಗೆ ಶಾಲೆಯ ಬಯಲಲ್ಲಿ ಶಾಮಿಯಾನ ಹಾಕಿಸಿದ್ದರು. ಕಂಪನಿಯ ಖರ್ಚಿನಲ್ಲಿ ಉಪ್ಪಿಟ್ಟು, ಕೇಸರಿಬಾತು. ಜನ ಸಾವಕಾಶವಾಗಿ ತಿಂದು, ಕೈ ತೊಳೆದು ಬಂದು ಕೂತು, ಒಬ್ಬರಾದ ಮೇಲೊಬ್ಬರು ವಿರೋಧಿಸಿದರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ನನ್ನ ಸರದಿ ಬಂದಾಗ ನದಿಯಲ್ಲಿ ವರ್ಷಕ್ಕೆ ಎಷ್ಟು ನೀರು ಹರಿಯುತ್ತದೆ, ಅದರಲ್ಲಿ ಸ್ಥಾವರಕ್ಕೆ ಬೇಕಾದದ್ದು ಎಷ್ಟು ಕಡಿಮೆ ಎಂದು ಪರದೆಯ ಮೇಲೆ ತೋರಿಸಿದೆ. ಹಿಂದಿನ ಸಾಲಿನಿಂದ ಒಬ್ಬ ಯಜಮಾನರು ಎದ್ದರು. ಹೆಗಲ ಮೇಲೆ ಟವೆಲ್ಲು, ಮೈಕು ಬೇಡವೆಂದರು.

“ಸಾಹೇಬ್ರ, ನೀವು ಹೇಳಿದ್ದು ವರ್ಷದ ಲೆಕ್ಕ. ಯುಗಾದಿ ಮುಂದ ಹೊಳ್ಯಾಗ ಮೊಣಕಾಲುದ್ದ ನೀರಿರಂಗಿಲ್ಲ. ಆವಾಗ ನಿಮ್ಮ ಮಿಷನ್ ಬಂದ್ ಮಾಡ್ತೀರೋ, ನಮ್ಮ ಪಂಪ್‌ಸೆಟ್ ಬಂದ್ ಮಾಡಸ್ತೀರೋ?”

ತಿಂಗಳುವಾರು ಪಟ್ಟಿ ನಮ್ಮ ವರದಿಯಲ್ಲೇ ಇತ್ತು, ಆದರೆ ಕೊನೆಯ ಅನುಬಂಧದಲ್ಲಿ, ಇಂಗ್ಲಿಷಿನಲ್ಲಿ. ಕನ್ನಡದ ಸಾರಾಂಶದಲ್ಲಿ ಸರಾಸರಿ ಮಾತ್ರ. ಕಂಪನಿಯ ಅಧಿಕಾರಿ “ನಿಯಮದ ಪ್ರಕಾರ ಕ್ರಮ ಕೈಗೊಳ್ಳುತ್ತೇವೆ” ಎಂದು ಕೂತುಬಿಟ್ಟರು. ಆ ವರದಿಗೆ ಬಂದ ಟೀಕೆಗಳಲ್ಲೆಲ್ಲ ತಾಂತ್ರಿಕವಾಗಿ ಗಟ್ಟಿಯಾದದ್ದು ಆ ಯಜಮಾನರದೇ ಎಂದು ನಾನು ಆಮೇಲೆ ಕಚೇರಿಯಲ್ಲಿ ಹೇಳಿದೆ. ಯಾರೂ ಮೆಚ್ಚಲಿಲ್ಲ. ಭದ್ರಾ ನಾಲೆಯ ಕೊನೆ ಭಾಗದವರನ್ನು ಬಲ್ಲ ನನಗೆ ಯಜಮಾನರ ಪ್ರಶ್ನೆಯಲ್ಲಿ ಆಶ್ಚರ್ಯವೇನೂ ಇರಲಿಲ್ಲ. ನೀರು ಬಿಟ್ಟಿದ್ದೇವೆ ಎಂದು ಪತ್ರಿಕೆಯಲ್ಲಿ ಬಂದರೆ ಸಾಲದು, ತನ್ನ ಗದ್ದೆಗೆ ಯಾವಾಗ ಮುಟ್ಟಿತು ಎಂದು ಕೇಳುವವನು ಹರಿಹರ ತಾಲ್ಲೂಕಿನ ರೈತ.

ಅಲ್ಲಿಂದಾಚೆ ನಾನು ಲೆಕ್ಕ ಹೇಳುವ ಬಗೆ ಬದಲಾಯಿತು. ಸಾವಿರ ಮೆಗಾವಾಟ್ ಎಂದರೆ ಯಾರ ಕಣ್ಣಿಗೂ ಏನೂ ಕಾಣುವುದಿಲ್ಲ. ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರಿನಲ್ಲಿ ಹಳೆಯ ಸ್ಥಾವರಗಳಿಗೆ ಹಾಕಿದ ಮಿತಿ, ಮೆಗಾವಾಟ್ ಗಂಟೆಗೆ 3.5 ಘನ ಮೀಟರ್ ನೀರು. ಸಾವಿರ ಮೆಗಾವಾಟ್ ಹಗಲೂ ರಾತ್ರಿ ಓಡಿದರೆ ದಿನಕ್ಕೆ 8.4 ಕೋಟಿ ಲೀಟರ್. ನಗರದಲ್ಲಿ ತಲೆಗೆ 135 ಲೀಟರ್ ಎಂದು ಹಿಡಿದರೆ ಇದು 6 ಲಕ್ಷಕ್ಕೂ ಹೆಚ್ಚು ಜನರ ನೀರು. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನ ಸುಮಾರು 4.35 ಲಕ್ಷ, ಹರಿಹರದವರು 80 ಸಾವಿರ ಚಿಲ್ಲರೆ. ಎರಡೂ ಊರು ಕೂಡಿದರೂ ಸ್ಥಾವರದಷ್ಟು ಕುಡಿಯುವುದಿಲ್ಲ. ಕಲ್ಲಿದ್ದಲು ದಿನಕ್ಕೆ ಹದಿನೈದು ಹದಿನಾರು ಸಾವಿರ ಟನ್, ಅಂದರೆ ನಾಲ್ಕು ಗೂಡ್ಸ್ ರೈಲು. ನಮ್ಮ ದೇಶದ ಕಲ್ಲಿದ್ದಲಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಬೂದಿ. ಹತ್ತು ಟನ್ನಿನ ಟಿಪ್ಪರುಗಳಲ್ಲಿ ಎಣಿಸಿದರೆ ದಿನಕ್ಕೆ ಐನೂರು. ಅದನ್ನು ಸಿಮೆಂಟಿನವರು, ಇಟ್ಟಿಗೆಯವರು ಒಯ್ಯುತ್ತಾರೆ ನಿಜ, ಒಯ್ಯದ ದಿನ ಅದು ಊರ ಪಕ್ಕದ ಹೊಂಡದಲ್ಲಿರುತ್ತದೆ. ಹೀಗೆ ಹೇಳಿದರೆ ಜನ ಹೆದರುತ್ತಾರೆ ಎಂದು ಮಾಲೀಕರ ಕಡೆಯವರು ತಕರಾರು ತೆಗೆಯುತ್ತಿದ್ದರು. ನಾನು ಕಂಡಂತೆ ಜನ ಹೆದರಲಿಲ್ಲ, ಬೇರೆ ಪ್ರಶ್ನೆ ಕೇಳತೊಡಗಿದರು: ಟಿಪ್ಪರು ಯಾವ ರಸ್ತೆಯಲ್ಲಿ ಹೋಗುತ್ತದೆ, ಹೊಂಡದ ತಳಕ್ಕೆ ಏನು ಹಾಸುತ್ತೀರಿ, ಬಾವಿ ನೀರನ್ನು ಯಾರು ಪರೀಕ್ಷೆ ಮಾಡುತ್ತಾರೆ. ಇವಕ್ಕೆ ಉತ್ತರ ಕೊಡಬಹುದು. ಘೋಷಣೆಗೆ ಉತ್ತರ ಕೊಡಲಾಗದು.

ಉದ್ಯೋಗದ ಮಾತು ಇನ್ನೂ ಸೂಕ್ಷ್ಮ. ಕಟ್ಟುವಾಗ ಸಾವಿರಾರು ಜನ ಬೇಕು, ಓಡಿಸುವಾಗ ಕೆಲವೇ ನೂರು, ಅದರಲ್ಲೂ ಐಟಿಐ, ಡಿಪ್ಲೊಮಾ ಆದವರು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇಥ್ ಕಾರ್ಖಾನೆ ಮುಚ್ಚಿದಾಗ ಹರಿಹರಕ್ಕೆ ಏನಾಯಿತು ಎಂದು ನೋಡಿದವರು ‘ಮನೆಗೊಂದು ಕೆಲಸ’ ಎಂದು ಬಾಯಿಮಾತಿಗೂ ಹೇಳಬಾರದು.

ಇಷ್ಟೆಲ್ಲ ಸರಿಮಾಡಿದರೂ ಒಂದು ತೊಡಕು ಉಳಿಯುತ್ತಿತ್ತು. ಹಳ್ಳಿಗೆ ಯೋಜನೆಯ ಸುದ್ದಿ ಮೊದಲು ಬರುವುದು ಭೂಸ್ವಾಧೀನದ ನೋಟಿಸಿನಲ್ಲಿ, ಅಂದರೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28(1)ನೇ ಕಲಮಿನ ಪ್ರಾಥಮಿಕ ಅಧಿಸೂಚನೆಯಲ್ಲಿ. “28(1) ಆಗೈತಂತೆ” ಎಂದು ಪಂಚಾಯಿತಿ ಕಟ್ಟೆಯಲ್ಲಿ ಮಾತಾಗಿ, ಎಷ್ಟೋ ದಿನವಾದ ಮೇಲೆ ಶಾಮಿಯಾನ ಹಾಕಿ “ನಿಮ್ಮ ಅಭಿಪ್ರಾಯವೇನು” ಎಂದು ಕೇಳುತ್ತೇವೆ. ಹೊಲಕ್ಕೆ ಬೇಲಿ ಬಿದ್ದ ಮೇಲೆ ಕೇಳುವ ಅಭಿಪ್ರಾಯಕ್ಕೆ ಬೆಲೆಯೇನು? ಹೀಗೆ ಶುರುವಾದ ಜಗಳಗಳು ಬೇರೆ ಬೇರೆ ರೀತಿ ಮುಗಿದವು. ಉಡುಪಿ ಜಿಲ್ಲೆಯ ನಂದಿಕೂರಿನಲ್ಲಿ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ 1999ರ ಕೊನೆಗೆ ಕಾಲ್ತೆಗೆದರೂ ಅದೇ ಸುತ್ತಮುತ್ತ ಬೇರೆಯವರ ಕೈಯಲ್ಲಿ ಸ್ಥಾವರ ಎದ್ದಿತು, ಬಾವಿಗೆ ಉಪ್ಪುನೀರು ಸೇರುವ ದೂರು ನಿಲ್ಲಲಿಲ್ಲ. ಮೈಸೂರು ಬಳಿಯ ಚಾಮಲಾಪುರದಲ್ಲಿ ರೈತರು ಪಟ್ಟು ಬಿಡಲಿಲ್ಲ, ಯೋಜನೆಯೇ ಹಿಂದೆ ಸರಿಯಿತು. ವಿಜಯಪುರದ ಕೂಡಗಿಯಲ್ಲಿ 2014ರ ಜುಲೈನಲ್ಲಿ ಪೊಲೀಸರು ಗುಂಡು ಹಾರಿಸುವ ತನಕ ಹೋಯಿತು. ಅಲ್ಲಿ ಈಗ 2400 ಮೆಗಾವಾಟ್ ಓಡುತ್ತಿದೆ.

ಭೂಮಿಗೆ ಬೇರೆ ದಾರಿಯೂ ಇತ್ತು. ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕಿಗೆ ಭೂಮಿ ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರದಂತೆ ಗುತ್ತಿಗೆ ಹಿಡಿದರು. ರೈತನ ಹೆಸರು ಪಹಣಿಯಲ್ಲೇ ಉಳಿಯಿತು. ಭೂಮಿಯಿಲ್ಲದ ಕೂಲಿಯವರಿಗೆ ಅಲ್ಲೂ ನಷ್ಟವೇ. ಆದರೂ ಕಲ್ಲಿದ್ದಲಿನವರು ಇಪ್ಪತ್ತು ವರ್ಷ ಯೋಚಿಸದೆ ಬಿಟ್ಟ ದಾರಿ ಅದು.

ದಾವಣಗೆರೆ, ಹರಿಹರದ ಸುತ್ತ ಇನ್ನೂ ಕಾರ್ಖಾನೆಗಳು ಬರುತ್ತವೆ, ಕಲ್ಲಿದ್ದಲಿನದಲ್ಲದಿದ್ದರೆ ಇನ್ನೊಂದು. 2006ರ ಅಧಿಸೂಚನೆಯಂತೆ ಸಾರ್ವಜನಿಕ ಆಲಿಕೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ, ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಓದಲು ಸಿಗುತ್ತದೆ. ಸಭೆಗೆ ಹೋಗಲಾಗದಿದ್ದರೆ ಮಂಡಳಿಗೆ ಬರೆದು ಕಳಿಸಬಹುದು. ಸಾರಾಂಶ ಓದಿ ಸುಮ್ಮನಾಗಬೇಡಿ. ನೀರಿನ ಅಧ್ಯಾಯ ತೆಗೆದು, ಏಪ್ರಿಲ್, ಮೇ ತಿಂಗಳ ಅಂಕಿ ಎಲ್ಲಿದೆ ಎಂದು ಕೇಳಿ. ಕೇಳಿದ್ದು ಸಭೆಯ ನಡಾವಳಿಯಲ್ಲಿ ದಾಖಲಾಗಿದೆಯೇ ಎಂದು ನೋಡಿಕೊಂಡೇ ಮನೆಗೆ ಹೋಗಿ.