ಮನಸ್ಸಿಗೊಪ್ಪುವ ಫಿಲ್ಟರ್ ಕಾಫಿ: ಯಾವ ರುಚಿ ಯಾವ ಹಂತದಲ್ಲಿ ಕುದುರುತ್ತದೆ?

ಒಂದೇ ಮನೆಯಲ್ಲಿ ಒಬ್ಬರಿಗೆ ಗಟ್ಟಿ ಕಾಫಿ, ಇನ್ನೊಬ್ಬರಿಗೆ ಹಾಲು ಮುಂದಾದ ಲೈಟ್ ಕಾಫಿ, ಮತ್ತೊಬ್ಬರಿಗೆ ಸಕ್ಕರೆಯಿಲ್ಲದ್ದು, ಮಲೆನಾಡಿನ ಕಡೆಯವರಿದ್ದರೆ ಅವರಿಗೆ ಬೆಲ್ಲದ ಕರಿ ಕಾಫಿ ಬೇಕಾಗುವುದು ಸಹಜವಾಗಿದ್ದು, ಈ ಅಪೇಕ್ಷೆಗಳಲ್ಲಿ ಯಾವುದನ್ನೂ ತಪ್ಪೆನ್ನುವಂತಿಲ್ಲ. ಆದರೆ ಗಟ್ಟಿತನ, ಕಹಿ, ಬಣ್ಣ, ಪರಿಮಳ ಇವು ಒಂದೇ ಗುಣದ ನಾಲ್ಕು ಹೆಸರುಗಳಲ್ಲ. ಒಂದೊಂದೂ ಬೇರೆ ಬೇರೆ ಹಂತದಲ್ಲಿ ನಿರ್ಧಾರವಾಗುತ್ತದೆ. ಇದನ್ನು ಗಮನಿಸದೆ, ಎಲ್ಲ ಕೊರತೆಯನ್ನೂ ಕಾಫಿ ಲೋಟಕ್ಕೆ ಬಂದ ಮೇಲೆ ಸಕ್ಕರೆಯಿಂದಲೋ ಇನ್ನೊಂದಿಷ್ಟು ಡಿಕಾಕ್ಷನ್‌ನಿಂದಲೋ ಸರಿಪಡಿಸಲು ಹೊರಡುವುದರಿಂದಲೇ ಬಯಸಿದ ರುಚಿ ಕೈತಪ್ಪುತ್ತದೆ.

ಮೊದಲ ನಿರ್ಧಾರ ಪುಡಿಯಂಗಡಿಯಲ್ಲೇ ಆಗುತ್ತದೆ. ಭಾರತದ ಕಾಫಿಯಲ್ಲಿ ಸುಮಾರು 70 ಶೇಕಡಾ ಬೆಳೆಯುವ ಕರ್ನಾಟಕದಲ್ಲಿ ಅರೇಬಿಕಾ ಮತ್ತು ರೊಬಸ್ಟಾ ಎಂಬ ಎರಡೂ ಜಾತಿಗಳಿವೆ. ಚಿಕ್ಕಮಗಳೂರಿನ ಎತ್ತರದ ತೋಟಗಳಿಗೆ ಒಗ್ಗಿದ ಅರೇಬಿಕಾದಲ್ಲಿ ಪರಿಮಳವೂ ನವಿರಾದ ಹುಳಿಯೂ ಹೆಚ್ಚು. ಕೊಡಗಿನಲ್ಲಿ ಹೇರಳವಾಗಿ ಬೆಳೆಯುವ ರೊಬಸ್ಟಾದಲ್ಲಿ ಕಹಿಯೂ ಮಂದತನವೂ ಹೆಚ್ಚು, ಕೆಫೀನ್ ಅಂಶವಂತೂ ಅರೇಬಿಕಾದ ಸುಮಾರು ಎರಡರಷ್ಟು. ಅಂಗಡಿಯ ಹಲಗೆಯ ಮೇಲೆ ಕಾಣುವ ‘ಪ್ಲಾಂಟೇಷನ್’ ಎಂದರೆ ಹಣ್ಣಿನ ಸಿಪ್ಪೆ ಸುಲಿದು, ನೀರಿನಲ್ಲಿ ತೊಳೆದು ಒಣಗಿಸಿದ ಅರೇಬಿಕಾ. ‘ಚೆರ್ರಿ’ ಎಂದರೆ ಹಣ್ಣನ್ನು ಇಡಿಯಾಗಿಯೇ ಒಣಗಿಸಿ ಆಮೇಲೆ ಸಿಪ್ಪೆ ತೆಗೆದದ್ದು. ‘ಪೀಬೆರಿ’ ಎಂದರೆ ಒಂದು ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ದುಂಡಗೆ ಬೆಳೆದದ್ದು. ಹಾಲು ಬೆರೆಸಿ ಕುಡಿಯುವವರಿಗೆ ಪ್ಲಾಂಟೇಷನ್ ಮತ್ತು ಪೀಬೆರಿಯನ್ನು ಸಮಪಾಲಾಗಿ ಬೆರೆಸಿದ ಪುಡಿ ಒಳ್ಳೆಯ ಆರಂಭ. ಹಾಲಿನಲ್ಲಿ ಕಾಫಿಯ ಕಸುವು ಅಡಗಿಹೋಗುತ್ತದೆಂದು ಅನಿಸುವವರು ಅದರಲ್ಲಿ ನಾಲ್ಕನೆಯ ಒಂದು ಪಾಲನ್ನು ರೊಬಸ್ಟಾಕ್ಕೆ ಬಿಟ್ಟುಕೊಡಬಹುದು. ಹುರಿತ ಕಪ್ಪಾದಷ್ಟೂ ಹುಳಿ ಇಳಿದು ಕಹಿ ಏರುವುದರಿಂದ, ಫಿಲ್ಟರಿಗೆ ನಡುಮಟ್ಟದ ಹುರಿತವೇ ಸಾಕು.

ಚಿಕೋರಿಯ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕಾಗುತ್ತದೆ. ಇದು ಕಾಫಿಯ ಜಾತಿಯಲ್ಲ. ಗುಜರಾತ್ ಮತ್ತು ಉತ್ತರ ಪ್ರದೇಶಗಳಲ್ಲಿ ಬೆಳೆಯುವ ಒಂದು ಗಿಡದ ಬೇರನ್ನು ಒಣಗಿಸಿ, ಹುರಿದು, ಪುಡಿ ಮಾಡಿದ್ದು. ಇದರಲ್ಲಿ ಕೆಫೀನ್ ಇಲ್ಲ, ಕಾಫಿಯ ಪರಿಮಳವೂ ಇಲ್ಲ. ಆದರೆ ನೀರಿನಲ್ಲಿ ಕಾಫಿಗಿಂತ ಬಹಳ ಹೆಚ್ಚು ಕರಗುವುದರಿಂದ ಡಿಕಾಕ್ಷನ್‌ಗೆ ಕಡುಗಪ್ಪು ಬಣ್ಣವನ್ನೂ ಮಂದತನವನ್ನೂ ಕೊಡುತ್ತದೆ. ಈ ಬಣ್ಣವನ್ನೇ ಗಟ್ಟಿತನವೆಂದು ಬಗೆದು 60:40ರ ಮಿಶ್ರಣವನ್ನು ಕೊಳ್ಳುವವರು, ಅಂದರೆ ನೂರು ಗ್ರಾಂನಲ್ಲಿ 40 ಗ್ರಾಂ ಚಿಕೋರಿ ಇರುವುದನ್ನು ಆರಿಸುವವರು, ವಾಸ್ತವದಲ್ಲಿ ಕಾಫಿಯನ್ನು ಕಡಿಮೆ ಮಾಡಿಕೊಳ್ಳುತ್ತಿರುತ್ತಾರೆ. ಚಿಕೋರಿಯನ್ನು ಕಲಬೆರಕೆಯೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಹಾಲಿನೊಡನೆ ಅದು ಕೊಡುವ ತುಸು ಸಿಹಿಗೂಡಿದ ಕಹಿಯ ಮೇಲೆಯೇ ಹಲವು ಮನೆಗಳ ರುಚಿ ರೂಪುಗೊಂಡಿದೆ. ಆದರೂ ಶೇಕಡಾ 15ರಿಂದ 20ನ್ನು ದಾಟಿದರೆ ತೋಟದ ಪರಿಮಳ ಮುಚ್ಚಿಹೋಗುತ್ತದೆ, ಆಗ ದುಬಾರಿ ಪೀಬೆರಿ ಕೊಂಡದ್ದೂ ವ್ಯರ್ಥವೇ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಶೇಕಡಾ ಇರಬೇಕೆಂದೂ ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂದೂ ನಿಯಮವಿರುವುದರಿಂದ, ಕೊಳ್ಳುವ ಮೊದಲು ಆ ಅಂಕಿಯನ್ನು ಓದುವುದು ಒಳ್ಳೆಯದು. ಪುಡಿಯ ತರಿ ಚಿರೋಟಿ ರವೆಗಿಂತ ನುಣುಪಾಗಿ, ಮೈದಾಹಿಟ್ಟಿಗಿಂತ ಒರಟಾಗಿ ಇರಲಿ. ಒಮ್ಮೆಗೆ ಒಂದು ಅಥವಾ ಎರಡು ವಾರಕ್ಕಾಗುವಷ್ಟನ್ನೇ ತಂದು, ಗಾಳಿಯಾಡದ ಡಬ್ಬಿಯಲ್ಲಿ ಒಲೆಯಿಂದ ದೂರವಿಡಬೇಕು.

ಮುಂದಿನದು ಡಿಕಾಕ್ಷನ್, ಅಂದರೆ ಬಿಸಿನೀರು ಪುಡಿಯ ಮೂಲಕ ಹನಿಹನಿಯಾಗಿ ಇಳಿದು ಸಿಗುವ ಸಾರ. ಫಿಲ್ಟರಿನ ಮೇಲಿನ ಪಾತ್ರೆಯ ತಳದಲ್ಲಿ ಸಣ್ಣ ತೂತುಗಳಿರುತ್ತವೆ, ಕೆಳಗಿನದರಲ್ಲಿ ಸಾರ ಸಂಗ್ರಹವಾಗುತ್ತದೆ, ಕಾಂಡವಿರುವ ಬಿಲ್ಲೆ ಪುಡಿಯನ್ನು ಒತ್ತಿಹಿಡಿಯುತ್ತದೆ. ನಾಲ್ಕು ಲೋಟಕ್ಕೆ 40 ಗ್ರಾಂ, ಎಂದರೆ ಮಟ್ಟಸವಾದ ಸುಮಾರು ಎಂಟು ದೊಡ್ಡ ಚಮಚ ಪುಡಿಯನ್ನು ಒಣಗಿದ ಮೇಲ್ಪಾತ್ರೆಗೆ ಹಾಕಿ, ಪಕ್ಕಕ್ಕೆ ಮೆಲ್ಲಗೆ ತಟ್ಟಿ ಸಮ ಮಾಡಿ, ಬಿಲ್ಲೆಯನ್ನು ಹಗುರವಾಗಿ ಕೂರಿಸಬೇಕು. ಬಲವಾಗಿ ಒತ್ತಿದರೆ ನೀರು ಇಳಿಯಲು ದಾರಿಯೇ ಇರುವುದಿಲ್ಲ. ಅಳೆದ 200 ಮಿಲಿಲೀಟರ್ ನೀರನ್ನು ಕುದಿಸಿ ಇಳಿಸಿ, ಮೊದಲು ಪುಡಿ ನೆನೆಯುವಷ್ಟನ್ನು ಮಾತ್ರ ಸುತ್ತಲೂ ಹಾಕಿ ಅರ್ಧ ನಿಮಿಷ ಬಿಡಬೇಕು. ಹೊಸದಾಗಿ ಹುರಿದ ಪುಡಿಯಲ್ಲಿ ಅಡಗಿರುವ ಇಂಗಾಲದ ಡೈಆಕ್ಸೈಡ್ ಆಗ ಹೊರಬೀಳುತ್ತದೆ, ಇಲ್ಲವಾದರೆ ಅದೇ ಅನಿಲ ನೀರನ್ನು ಪುಡಿಯೊಳಕ್ಕೆ ಹೋಗಗೊಡದೆ ತಡೆಯುತ್ತದೆ. ಆಮೇಲೆ ಉಳಿದ ನೀರನ್ನು ನಿಧಾನವಾಗಿ ಸುರಿದು ಮುಚ್ಚಬೇಕು. ನೀರು 92ರಿಂದ 96 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾರ ಚೆನ್ನಾಗಿ ಬರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಯಲ್ಲಾದ್ದರಿಂದ ಅಲ್ಲಿ ಇಳಿಸಿದ ಕೂಡಲೇ ಸುರಿಯಬಹುದು, ಮಂಗಳೂರಿನಲ್ಲಾದರೆ ಅರೆ ನಿಮಿಷ ಕಾಯುವುದು ಮೇಲು.

ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹೀರಿಕೊಳ್ಳುವುದರಿಂದ ಕೆಳಗೆ 120 ಮಿಲಿಲೀಟರಿನಷ್ಟು ಸಾರ ಸಿಗುತ್ತದೆ, ಅದಕ್ಕೆ 15ರಿಂದ 20 ನಿಮಿಷ ಬೇಕು. ಹನಿ ನಡುವೆ ನಿಂತುಹೋದರೆ ಬಹಳ ಸಲ ಕಾರಣ ಪುಡಿಯಲ್ಲ. ಎರಡು ಪಾತ್ರೆಗಳು ಬಿಗಿಯಾಗಿ ಕೂತು ಕೆಳಗಿನ ಗಾಳಿಗೆ ಹೊರದಾರಿಯಿಲ್ಲದಿರುವುದು. ಮೇಲಿನ ಪಾತ್ರೆಯನ್ನು ಒಮ್ಮೆ ಸ್ವಲ್ಪ ಎತ್ತಿ ಕೂರಿಸಿದರೆ ಹನಿ ಮತ್ತೆ ಶುರುವಾಗುತ್ತದೆ.

ಗಟ್ಟಿ ಕಾಫಿ ಬೇಕೆನ್ನುವವರು ತಿದ್ದಿಕೊಳ್ಳಬೇಕಾದ ಜಾಗ ಇದೇ. ನೀರನ್ನು ಹಾಗೆಯೇ ಇಟ್ಟು ಪುಡಿಯನ್ನು 40ರಿಂದ 45 ಗ್ರಾಂಗೆ ಏರಿಸಿದರೆ ಗಟ್ಟಿತನ ಹೆಚ್ಚುತ್ತದೆ. ಪುಡಿಯನ್ನು ಹಾಗೆಯೇ ಬಿಟ್ಟು ಇನ್ನಷ್ಟು ನುಣ್ಣಗೆ ಬೀಸಿಸಿದರೆ ಅಥವಾ ಡಿಕಾಕ್ಷನ್ನನ್ನು ಒಲೆಯ ಮೇಲೆ ಕುದಿಸಿದರೆ ಹೆಚ್ಚುವುದು ಮುಖ್ಯವಾಗಿ ಕಹಿ ಮತ್ತು ಒಗರು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲವಾದ್ದರಿಂದ, ಒಂದು ವಾರ ಒಂದನ್ನೇ ಬದಲಿಸಿ ನೋಡುವುದು ಉಚಿತ. ಅದೇ ಪುಡಿಗೆ ಮತ್ತೊಮ್ಮೆ ನೀರು ಹಾಕಿ ತೆಗೆಯುವ ಎರಡನೇ ಡಿಕಾಕ್ಷನ್ ತೆಳುವಾಗಿದ್ದು, ಲೈಟ್ ಕಾಫಿಯವರಿಗೂ ಅದನ್ನು ಕೊಡದಿರುವುದೇ ಮೇಲು. ಅವರಿಗೆ ಮೊದಲನೆಯದನ್ನೇ ಕಡಿಮೆ ಹಾಕಿ ಹಾಲು ಹೆಚ್ಚಿಸಿದರೆ ಲೈಟಾದರೂ ಕಾಫಿಯೇ ಆಗಿರುತ್ತದೆ.

ಹಾಲು ನೀರು ಬೆರೆಸದ್ದಾಗಿರಲಿ. ಟೋನ್ಡ್ ಹಾಲಿನಲ್ಲಿ 3 ಶೇಕಡಾ, ಫುಲ್ ಕ್ರೀಮ್ ಹಾಲಿನಲ್ಲಿ 6 ಶೇಕಡಾ ಕೊಬ್ಬಿರುತ್ತದೆ. ಕೊಬ್ಬು ಹೆಚ್ಚಿದಷ್ಟೂ ಕಹಿ ನಾಲಗೆಗೆ ಮೃದುವಾಗಿ ತಾಗುತ್ತದೆ. ಹಲವು ಬಾರಿ ಕಾಯಿಸಿದ ಹಾಲಿಗೆ ಬೆಂದ ವಾಸನೆ ಬರುವುದರಿಂದ ಕಾಫಿಗೆ ಬೇಕಾದಷ್ಟನ್ನೇ ಬೇರೆಯಾಗಿ ಒಂದು ಉಕ್ಕು ಬರಿಸಬೇಕು. ಲೋಟಕ್ಕೆ ಮೊದಲು ಸಕ್ಕರೆ, ಅದರ ಮೇಲೆ 30 ಮಿಲಿಲೀಟರ್ ಡಿಕಾಕ್ಷನ್, ಕೊನೆಗೆ 90 ಮಿಲಿಲೀಟರ್ ಬಿಸಿ ಹಾಲು ಹಾಕಿದರೆ ಹದವಾದ ಕಾಫಿ. ಹಾಲು 60ಕ್ಕಿಳಿದರೆ ಸ್ಟ್ರಾಂಗ್, 150ಕ್ಕೇರಿದರೆ ಲೈಟ್. ಲೋಟದಿಂದ ಬಟ್ಟಲಿಗೆ ಎರಡು ಮೂರು ಬಾರಿ ಎತ್ತಿ ಹೊಯ್ದರೆ ನೊರೆ ಏಳುತ್ತದೆ, ಸಕ್ಕರೆ ಬೆರೆಯುತ್ತದೆ, ಕುಡಿಯುವ ಹದಕ್ಕೆ ಬಿಸಿಯೂ ಇಳಿಯುತ್ತದೆ. ಸಕ್ಕರೆ ಬಿಡಬೇಕೆನ್ನುವವರು ಮೊದಲು ಚಿಕೋರಿಯನ್ನೂ ಕಡುಹುರಿತವನ್ನೂ ಬಿಟ್ಟರೆ ಕೆಲಸ ಹಗುರವಾಗುತ್ತದೆ, ಏಕೆಂದರೆ ಸಕ್ಕರೆ ಮುಚ್ಚಿಡುತ್ತಿದ್ದುದು ಬಹುಪಾಲು ಆ ಕಹಿಯನ್ನೇ.

ಮಲೆನಾಡು ಮತ್ತು ಕೊಡಗಿನ ಬೆಲ್ಲದ ಕಾಫಿಗೆ ಫಿಲ್ಟರ್ ಬೇಕಿಲ್ಲ. ನೀರಿಗೆ ಬೆಲ್ಲ ಹಾಕಿ ಕುದಿಸಿ, ಇಳಿಸಿದ ಮೇಲೆ ಚಿಕೋರಿಯಿಲ್ಲದ ಪುಡಿ ಬೆರೆಸಿ, ಮುಚ್ಚಿಟ್ಟು, ಗಸಿ ತಳಕ್ಕಿಳಿದ ಬಳಿಕ ಬಟ್ಟೆಯಲ್ಲಿ ಸೋಸಿದರಾಯಿತು. ಹಾಲಿನ ಕಾಫಿಗೆ ಬೆಲ್ಲ ಬೇಕಿದ್ದರೆ ಅದನ್ನು ಒಲೆಯ ಮೇಲಿನ ಹಾಲಿಗೆ ಹಾಕಬಾರದು. ಬೆಲ್ಲದಲ್ಲಿನ ಹುಳಿಯಂಶಕ್ಕೆ ಕುದಿಯುವ ಹಾಲು ಒಡೆಯುವ ಸಂಭವವಿರುವುದರಿಂದ ಲೋಟದಲ್ಲೇ ಕೊನೆಗೆ ಬೆರೆಸಬೇಕು.

ಸಂಜೆಯ ಕಾಫಿ ಬಿಡಲಾಗದೆ ನಿದ್ದೆಗೆಡುವವರಿಗೆ ಮಾತ್ರ ಮೇಲೆ ಬೇಡವೆಂದ 60:40ರ ಮಿಶ್ರಣ ನಿಜಕ್ಕೂ ಉಪಯುಕ್ತ. ದೇಹದೊಳಗಿನ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕಾಗುವುದರಿಂದ, ಅವರು ರೊಬಸ್ಟಾವಿಲ್ಲದ, ಚಿಕೋರಿ ಹೆಚ್ಚಿರುವ ಪುಡಿಯನ್ನು ಬೇರೆ ಡಬ್ಬಿಯಲ್ಲಿ ಇಟ್ಟುಕೊಳ್ಳಬಹುದು.

ಉಳಿದ ಡಿಕಾಕ್ಷನ್ನನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮರುದಿನದೊಳಗೆ ಮುಗಿಸಬೇಕು, ಬಿಸಿ ಮಾಡುವಾಗ ಪಾತ್ರೆಯನ್ನು ಬಿಸಿನೀರಿನಲ್ಲಿ ಇರಿಸಬೇಕೇ ಹೊರತು ನೇರ ಉರಿಗೆ ಒಡ್ಡಬಾರದು. ಫಿಲ್ಟರಿನಲ್ಲಿ ಅಂಟಿದ ಕಾಫಿಯ ಎಣ್ಣೆ ಹಳಸಿ ಮರುದಿನದ ಸಾರಕ್ಕೆ ಮುಗ್ಗಲು ವಾಸನೆ ಕೊಡುವುದರಿಂದ ಗಸಿಯನ್ನು ಅಂದೇ ಗಿಡದ ಬುಡಕ್ಕೆ ಹಾಕಿ, ಬಿಸಿನೀರು ಮತ್ತು ಬ್ರಷ್‌ನಿಂದ ಉಜ್ಜಿ ತೊಳೆಯಬೇಕು. ಮೇಲ್ಪಾತ್ರೆಯನ್ನು ಬೆಳಕಿಗೆ ಹಿಡಿದಾಗ ಕೆಲವು ತೂತುಗಳು ಕಾಣದಿದ್ದರೆ, ಸ್ಟೀಲಿನ ಫಿಲ್ಟರಾಗಿದ್ದಲ್ಲಿ ಅದರ ತಳವನ್ನು ಅರೆ ನಿಮಿಷ ಸಣ್ಣ ಉರಿಗೆ ಹಿಡಿದು, ಸಿಕ್ಕಿಕೊಂಡ ಪುಡಿ ಸುಟ್ಟ ಮೇಲೆ ತಟ್ಟಿ ಉದುರಿಸಿ, ತಣಿದ ನಂತರ ತೊಳೆದು ಬೋರಲು ಹಾಕಿ ಒಣಗಿಸಬೇಕು.